ಮರದ ಲೇಖನಿಗೆ ಅಂಟಿನ ಮೆರುಗು

ಕೈಯಾರೆ ಕಡೆದ ಮರದ ಲೇಖನಿಯು ಬೆವರಿನಿಂದಲೂ ಮಸಿಯಿಂದಲೂ ಬೇಗನೆ ಮಾಸುವುದು. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಅರಗನ್ನು ಒತ್ತಿ, ಘರ್ಷಣೆಯ ಶಾಖದಿಂದಲೇ ಕರಗಿಸಿ ಲೇಪಿಸುವರಷ್ಟೆ. ಲೇಖನಿಗಳಿಗೆ ಸಯನೊಅಕ್ರಿಲೇಟ್ ಎಂಬ ಶೀಘ್ರದ ಅಂಟನ್ನು ಬಳಿಯುವ ಪದ್ಧತಿಯೂ ಈಗ ಉಂಟು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬವರ ದೃಷ್ಟಿಗೆ ಬಿದ್ದ ಈ ದ್ರವವು 1958ರಲ್ಲಿ ಅಂಗಡಿಗೆ ಬಂದಿತು. ಅರಗಿಗೆ ಶಾಖವು ಹೇಗೋ ಹಾಗೆ ಇದಕ್ಕೆ ತೇವಾಂಶವು. ಗಾಳಿಯ ಅಲ್ಪ ತೇವದಿಂದಲೇ ಇದು ಗಟ್ಟಿಯಾಗುವುದು.

ಮರವನ್ನು ಉಪ್ಪುಕಾಗದದಿಂದ ನಯಮಾಡಿ, ಧೂಳನ್ನು ಒರಸಿ, ಯಂತ್ರವನ್ನು ಮೆಲ್ಲನೆ ತಿರುಗಿಸತಕ್ಕದ್ದು. ಒರಸುವ ಕಾಗದದ ತುಂಡಿಗೆ ಒಂದೆರಡು ತೊಟ್ಟು ಹಾಕಿ, ತುದಿಯಿಂದ ತುದಿಗೆ ಒಮ್ಮೆಗೇ ಎಳೆಯಬೇಕು. ಒಂದು ಲೇಪವು ಪೂರ್ಣವಾಗಿ ಒಣಗಿದ ಮೇಲೆಯೇ ಮತ್ತೊಂದು. ಹೀಗೆ ಹಲವು ತೆಳುಲೇಪಗಳಾದ ಬಳಿಕ, ಅತಿ ನುಣುಪಾದ ಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿದರೆ ಗಾಜಿನಂತಹ ಕಾಂತಿಯುಂಟಾಗುವುದು.

ಗೃಹಸ್ಥರು ಒಂದನ್ನು ಮರೆಯಲಾಗದು. ಹತ್ತಿಬಟ್ಟೆಗೆ ಈ ಅಂಟು ಸುರಿದರೆ ಚರ್ಮವನ್ನು ಸುಡುವಷ್ಟು ಬಿಸಿಯೇಳುವುದು. ಆದುದರಿಂದ ಬಳಿಯಲು ಹತ್ತಿಯ ಬಟ್ಟೆ ಸಲ್ಲದು. ಇದರ ಆವಿಯು ಕಣ್ಣು ಮೂಗುಗಳನ್ನು ಉರಿಸುವುದರಿಂದ ಕಿಟಕಿಗಳನ್ನು ತೆರೆದು, ಕನ್ನಡಕವನ್ನು ಧರಿಸಿರಬೇಕು. ಬೆರಳುಗಳು ಅಂಟಿಕೊಂಡಲ್ಲಿ ಬಲದಿಂದ ಕೀಳದೆ, ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸತಕ್ಕದ್ದು. ಮಕ್ಕಳ ಕೈಗೆಟುಕುವೆಡೆ ಇದನ್ನು ಇಡಬಾರದು. ಹೊಳಪಿನ ಆತುರಕ್ಕೆ ಕಣ್ಣನ್ನೇ ತೆತ್ತವನಿಗೆ ಲೇಖನಿಯಿಂದ ಪ್ರಯೋಜನವೇನು?