ನಿಮಗಿದು ಗೊತ್ತೇ?: ಪಾಯಿಂಟಿನ ಹಿಂದಿನ ಲೆಕ್ಕ

ಕಾರ್ಡು, ಆ್ಯಪ್ ಬರುವುದಕ್ಕೆ ಬಹಳ ಮೊದಲೇ ಅಂಗಡಿಗಳು ಪಾಯಿಂಟ್ ಹಂಚುತ್ತಿದ್ದವು. ಅಮೆರಿಕದ ಸ್ಪೆರಿ ಆ್ಯಂಡ್ ಹಚಿನ್ಸನ್ ಕಂಪನಿ ಹಸಿರು ಸ್ಟಾಂಪಿನ ವ್ಯಾಪಾರ ಶುರು ಮಾಡಿದ್ದು 1896ರಲ್ಲಿ. ಅಂಗಡಿಯವರು ಕಂಪನಿಯಿಂದ ಸ್ಟಾಂಪು ಕೊಂಡು ಗಿರಾಕಿಗಳಿಗೆ ಕೊಡುತ್ತಿದ್ದರು. ಜನ ಅದನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಟೋಸ್ಟರನ್ನೋ ದೀಪವನ್ನೋ ಮನೆಗೆ ತರುತ್ತಿದ್ದರು. 1960ರ ದಶಕದಲ್ಲಿ ಅಂಚೆ ಇಲಾಖೆಗಿಂತ ಮೂರು ಪಟ್ಟು ಸ್ಟಾಂಪು ತನ್ನಲ್ಲೇ ಅಚ್ಚಾಗುತ್ತದೆ ಎಂದು ಕಂಪನಿ ಹೇಳಿಕೊಳ್ಳುತ್ತಿತ್ತು.

ಆ ಸ್ಟಾಂಪಿನ ಖರ್ಚು ಯಾರದ್ದು? ಬ್ರಿಟನ್ನಿನ ಸೂಪರ್ ಮಾರ್ಕೆಟ್ ಸರಣಿ ಟೆಸ್ಕೊ 1963ರಲ್ಲಿ ಇಂಥದೇ ಸ್ಟಾಂಪು ಕೊಡಲು ಶುರು ಮಾಡಿತ್ತು. 1977ರಲ್ಲಿ ಅದನ್ನು ನಿಲ್ಲಿಸಿ, ಉಳಿದ ಹಣದಲ್ಲಿ ಸಾಮಾನಿನ ಬೆಲೆ ಇಳಿಸಿತು. ಜನ ಮುಗಿಬಿದ್ದರು. ಸ್ಟಾಂಪಿನ ದುಡ್ಡು ಅಷ್ಟು ವರ್ಷ ಬೆಲೆಯೊಳಗೇ ಅಡಗಿತ್ತು.

ಅದೇ ಟೆಸ್ಕೊ 1995ರಲ್ಲಿ ಕ್ಲಬ್‌ಕಾರ್ಡ್ ಎಂಬ ಪಾಯಿಂಟ್ ಕಾರ್ಡು ತಂದಿತು. ಈ ಸಲ ಕಂಪನಿಗೆ ಬೇಕಿದ್ದದ್ದು ಗಿರಾಕಿಯ ಮರುಭೇಟಿ ಮಾತ್ರವಲ್ಲ, ಅವರ ಚೀಲದಲ್ಲಿ ಏನಿದೆ ಎಂಬ ತಿಳಿವಳಿಕೆ. ಅಂಕಿಅಂಶ ವಿಶ್ಲೇಷಕರಾದ ಕ್ಲೈವ್ ಹಂಬಿ ಮತ್ತು ಎಡ್ವಿನಾ ಡನ್ ದಂಪತಿ ಕಾರ್ಡಿನ ಪ್ರಯೋಗದ ಹಂತದ ಮಾಹಿತಿಯನ್ನು ಜಾಲಾಡಿ ಆಡಳಿತ ಮಂಡಳಿಯ ಮುಂದಿಟ್ಟರು. ಮೂವತ್ತು ವರ್ಷದಲ್ಲಿ ತಾನು ಗಿರಾಕಿಗಳ ಬಗ್ಗೆ ತಿಳಿದದ್ದಕ್ಕಿಂತ ಹೆಚ್ಚನ್ನು ಇವರು ಮೂರೇ ತಿಂಗಳಲ್ಲಿ ತಿಳಿದಿದ್ದಾರೆಂದು ಅಧ್ಯಕ್ಷ ಇಯಾನ್ ಮೆಕ್‌ಲಾರಿನ್ ದಿಗಿಲುಗೊಂಡರು. ಇಂದಿನ ಎಲ್ಲ ಕಾರ್ಡುಗಳ ಚರಿತ್ರೆಯಲ್ಲಿ ನನಗೆ ಬಹು ಮುಖ್ಯವೆನಿಸುವ ಗಳಿಗೆ ಇದು.

ಪ್ರತಿ ಖರೀದಿಗೆ ಒಂದು ಮನೆಗೆ ಮುದ್ರೆ ಒತ್ತಿ, ಎಲ್ಲ ಮನೆ ತುಂಬಿದರೆ ಒಂದನ್ನು ಪುಕ್ಕಟೆ ಕೊಡುವ ಕಾರ್ಡುಗಳೂ ಉಂಟು. ಇಂಥ ಹತ್ತು ಮನೆಯ ಕಾರ್ಡಿನಲ್ಲಿ ಎರಡಕ್ಕೆ ಮೊದಲೇ ಮುದ್ರೆ ಒತ್ತಿ ಕೊಡುವುದೇಕೆ? ಅಮೆರಿಕದ ಒಂದು ಕಾರು ತೊಳೆಯುವ ಅಂಗಡಿಯಲ್ಲಿ ನ್ಯೂನ್ಸ್ ಮತ್ತು ಡ್ರೇಝ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ ಎಂಟು ಮನೆಯ ಖಾಲಿ ಕಾರ್ಡು. ಉಳಿದವರಿಗೆ ಹತ್ತು ಮನೆಯದು, ಅದರಲ್ಲಿ ಎರಡು ಭರ್ತಿ. ಎರಡರಲ್ಲೂ ಎಂಟೇ ಸಲ ಕಾರು ತೊಳೆಸಬೇಕು. ಖಾಲಿ ಕಾರ್ಡು ಪಡೆದವರಲ್ಲಿ ಶೇ. 19 ಮಂದಿ ಅದನ್ನು ಪೂರ್ತಿ ಮಾಡಿದರೆ, ಇನ್ನೊಂದು ಗುಂಪಿನಲ್ಲಿ ಶೇ. 34 ಮಂದಿ. ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

   

ವಿಮಾನ ಕಂಪನಿಗಳಲ್ಲಿ ಪಾಯಿಂಟಿಗೆ ಮೈಲಿ ಎಂದು ಹೆಸರು. ಅಮೆರಿಕನ್ ಏರ್‌ಲೈನ್ಸ್ ಹಾರಿದ ದೂರಕ್ಕೆ ಪಾಯಿಂಟ್ ಕೊಡುವ ಮೈಲಿ ಲೆಕ್ಕದ ಯೋಜನೆ ಆರಂಭಿಸಿದ್ದು 1981ರ ಮೇ 1ರಂದು. 2020ರ ಕೊರೋನಾ ಸಂಕಟದಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು ಸುಮಾರು 680 ಕೋಟಿ ಡಾಲರ್ ಎತ್ತಿತು.

ನಮ್ಮ ದೇಶದಲ್ಲಿ ಶಾಪರ್ಸ್ ಸ್ಟಾಪ್ 1994ರಲ್ಲೇ ಸದಸ್ಯರಿಗೆ ಕಾರ್ಡು ಕೊಟ್ಟಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಸೂಪರ್‌ಕಾಯಿನ್ ಎಂಬ ಪಾಯಿಂಟ್ ಬಂದದ್ದು 2019ರಲ್ಲಿ.

ಸಂತೆಯಲ್ಲಿ ತೂಕವಾದ ಮೇಲೆ ಕೈತುಂಬ ಹಾಕುವ ಕೊಸರಿನಂತೆ ಪಾಯಿಂಟೂ ಪುಕ್ಕಟೆ ಎಂದು ಬಗೆಯುವವರು ಇದನ್ನು ತಿಳಿದಿರಲಿ. 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ನೀವು ಕೊಟ್ಟ ಹಣದ ಒಂದು ಪಾಲನ್ನು ದೊಡ್ಡ ಕಂಪನಿಗಳು ಆ ಪಾಯಿಂಟುಗಳ ಬಾಬ್ತೆಂದು ಎತ್ತಿಡಬೇಕು. ನೀವು ಪಾಯಿಂಟ್ ಬಳಸಿದಾಗಲೋ, ಅದರ ಅವಧಿ ಮುಗಿದಾಗಲೋ ಅದು ಆದಾಯದ ಪಟ್ಟಿಗೆ ಸೇರುತ್ತದೆ. ಅಂದರೆ ಪಾಯಿಂಟಿಗೆ ನೀವು ಮೊದಲೇ ದುಡ್ಡು ತೆತ್ತಿದ್ದೀರಿ. ಅವಧಿ ಮುಗಿಯುವ ತಾರೀಖನ್ನು ಒಮ್ಮೆ ನೋಡಿಟ್ಟುಕೊಳ್ಳಿ.

ಬಿಲ್ಲಿಂಗ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಹೇಳಲೇಬೇಕೇ? ಬೇಕಿಲ್ಲ. ನಂಬರ್ ಕೊಡದವರಿಗೆ ಸಾಮಾನು ನಿರಾಕರಿಸುವುದು ಸಲ್ಲದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. ಪಾಯಿಂಟ್ ಬೇಕೆನಿಸಿದರೆ ಕೊಡಿ. ಬೇಡವಾದರೆ ಬಿಲ್ ಕೇಳಿ ಪಡೆಯಿರಿ.