ಖಳನಾಯಕನ ಕಾರು ಕರ್ಜಗಿಗೆ ಬಂತು!

"ವಿಲನ್ ಕಾರು ಬಂತೋ...! ವಿಲನ್ ಕಾರು ಬಂತೋ!"

ಕರ್ಜಗಿಯ ಓಣಿಯಲ್ಲಿ ಹುಡುಗರು ಹೀಗೆ ಕೂಗುತ್ತ ಓಡಿದರೆ, ಯಾವುದೋ ಚಿತ್ರದ ಶೂಟಿಂಗ್ ನಡೆದಿದೆ ಅಂದುಕೊಳ್ಳಬೇಡಿ. ಕ್ಯಾಮೆರಾ ಇಲ್ಲ, ಲೈಟಿಲ್ಲ, ನಿರ್ದೇಶಕರೂ ಇಲ್ಲ. ಇರೋದು ಒಂದು ಕರಿ ಕಾರು. 15 ಅಡಿ ಉದ್ದ, ಚೌಕಾಕಾರದ ಮೂತಿ, ಹಾಸಿಗೆಯಂಥ ಸೀಟು. ಎತ್ತಿನ ಬಂಡಿ ಎದುರಿಗೆ ಬಂದರೆ ಎರಡರಲ್ಲಿ ಒಂದು ಹಿಂದೆ ಸರೀಬೇಕು. ಸರಿಯೋದು ಯಾವಾಗಲೂ ಕಾರೇ!

ಅದು ಕಾಂಟೆಸಾ. 1991ರ ಮಾಡೆಲ್. ಅದರ ಮಾಲೀಕರು ನನ್ನ ಸೋದರಮಾವ. ವರದಾ ನದಿ ದಂಡೆಯ ಈ ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನುಷ್ಯ. ಬಂಗಲೆ ಇಲ್ಲ, ಡ್ರೈವರ್ ಇಲ್ಲ. ಇರೋದು ಒಂದು ತಗಡಿನ ಶೆಡ್ಡು, ಒಂದು ಸ್ಪ್ಯಾನರ್ ಸೆಟ್ಟು, ಮತ್ತೆ ಬೆಟ್ಟದಷ್ಟು ಹಟ.

ಬೆಳ್ಳಿತೆರೆಯ ದೊಡ್ಡ ಮನುಷ್ಯ

ಕಾಂಟೆಸಾ ಅಂದರೆ ಏನು ಅಂತ ಇಂದಿನ ಹುಡುಗರಿಗೆ ಸ್ವಲ್ಪ ಹೇಳಬೇಕು. ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಅಂಬಾಸಡರ್ ಬಿಟ್ಟರೆ ಫಿಯೆಟ್, ಫಿಯೆಟ್ ಬಿಟ್ಟರೆ ಅಂಬಾಸಡರ್. 1983ರ ಕೊನೆಗೆ ಪುಟಾಣಿ ಮಾರುತಿ ಬಂತು. ಅದರ ಬೆನ್ನಿಗೇ 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಕಾಂಟೆಸಾ ಇಳಿಸಿದರು. ಅದರ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಹಳೇ ಕಾರಿನದು. ಮಂತ್ರಿ, ಮಿಲ್ ಮಾಲೀಕ, ದೊಡ್ಡ ಸಾಹುಕಾರ ಓಡಾಡುತ್ತಿದ್ದ ಗಾಡಿ ಅದು. ಸಿನಿಮಾದಲ್ಲಂತೂ ಕೇಳಲೇಬೇಡಿ! ಕರಿ ಕನ್ನಡಕದ ಖಳನಾಯಕ ಗೋದಾಮಿನ ಮುಂದೆ ಇಳಿಯಬೇಕಾದರೆ ಕಾಂಟೆಸಾನೇ ಬೇಕು. ಬಾಗಿಲು 'ಧಡ್' ಅಂದರೆ ಥಿಯೇಟರಿನಲ್ಲಿ ಗಾಂಧಿ ಕ್ಲಾಸಿನವರೂ ಗಪ್‌ಚಿಪ್!

ಆದರೆ ಒಳಗಿನ ಗುಟ್ಟು ಬೇರೆ. ಮೊದಮೊದಲು ಈ ಭಾರೀ ದೇಹಕ್ಕೆ ಹಾಕಿದ್ದು ಅಂಬಾಸಡರಿನ 1489 ಸಿಸಿ ಎಂಜಿನ್ನು. ಸುಮಾರು 50 ಅಶ್ವಶಕ್ತಿ, ಅಷ್ಟೆ. ಪೈಲ್ವಾನನ ಮೈಯೊಳಗೆ ಗುಬ್ಬಿಯ ಗುಂಡಿಗೆ! ಆಮೇಲೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ನೂ ಐದು ಗೇರೂ ಬಂದವು. ಕಾಂಟೆಸಾಕ್ಕೆ ಆಗ ಜೀವ ಬಂತು. 2002ರಲ್ಲಿ ತಯಾರಿಕೆ ನಿಂತೇ ಹೋಯಿತು. ಸಾಹುಕಾರರು ಹೊಸ ಕಾರು ಕೊಂಡರು, ಕಾಂಟೆಸಾಗಳು ಶೆಡ್ಡು ಸೇರಿದವು.

ಮೆಣಸಿನಕಾಯಿ ಚೀಲದ ಕೆಳಗೆ

ಮಾಮಾ ಈ ಕಾರನ್ನು ಕಂಡದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರ ಗೋದಾಮಿನಲ್ಲಿ. ಮೇಲೆ ಚೀಲ ಒಟ್ಟಿದ್ದರು. ನಾಲ್ಕೂ ಟಯರು ನೆಲ ಕಚ್ಚಿದ್ದವು. "ಒಂದು ಹೊಸ ಮೋಟಾರ್ ಸೈಕಲ್ಲಿನ ರೊಕ್ಕಾ ಕೊಟ್ಟು ಒಯ್ರಿ, ಜಾಗಾ ಖಾಲಿ ಆಕ್ಕೈತಿ" ಅಂದರಂತೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು.

ಮೊದಲ ದಿನ ಬ್ಲೋವರ್ ಹಾಕಿದ್ದೇ ತಡ, ಕೊಳವೆಯೊಳಗಿದ್ದ ಮೆಣಸಿನ ಪುಡಿಯೆಲ್ಲಾ ಮುಖಕ್ಕೆ ಬಂತು. ಒಳಗೆ ಕೂತ ಐದೂ ಮಂದಿ ಸೀನಿದ್ದೇ ಸೀನಿದ್ದು! ಈಗಲೂ ಬೇಸಿಗೆಯಲ್ಲಿ ಗಾಜು ಏರಿಸಿ ಕೂತರೆ ಮೂಗು ಚುರ್ ಅನ್ನುತ್ತದೆ.

ಇನ್ನೊಂದು ಮೋಜು ಕೇಳಿ. ಕಾರಿನ ನಂಬರ್ ಶುರುವಾಗೋದು ಕೆ.ಎ. 25ರಿಂದ. ಅದು ಧಾರವಾಡದ್ದು. ಹಾವೇರಿಯ 27 ಯಾಕಿಲ್ಲ? ಹಾವೇರಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಜಿಲ್ಲೆಗಿಂತ ಕಾರು ಹಿರಿದು!

ಆಮೇಲಿನದೆಲ್ಲಾ ತಪಸ್ಸು. ಎಂಜಿನ್ ಅಷ್ಟು ಕಾಡಲಿಲ್ಲ. ಅದೇ ಇಸುಜು ಎಂಜಿನ್ನು ಮುಂದೆ ಅಂಬಾಸಡರಿಗೂ ಬಂದದ್ದರಿಂದ ಅದರ ಸಾಮಾನು ಹುಡುಕಿದರೆ ಸಿಗುತ್ತದೆ. ಕಾಡಿದ್ದು ಸಣ್ಣ ಸಣ್ಣ ವಸ್ತುಗಳು. ಬಾಗಿಲಿನ ರಬ್ಬರ್ ಬೀಡಿಂಗು, ಹಿಂದಿನ ದೀಪದ ಕೆಂಪು ಗಾಜು, ಕಿಟಕಿ ಏರಿಸೋ ಹಿಡಿಕೆ. ಇವಕ್ಕಾಗಿ ಮಾಮಾ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರು. ಮದ್ರಾಸಿನ ಪುದುಪೇಟೆಯ ಗುಜರಿಗೂ ಹೋದರು. ಒಂದು ದೀಪದ ಗಾಜನ್ನು ಪಂಚೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ರಾತ್ರಿಯೆಲ್ಲಾ ರೈಲಿನಲ್ಲಿ ಕೂತು ಬಂದವರು ಅವರು.

ರೇಡಿಯೇಟರಿನದು ಇನ್ನೊಂದು ಕಥೆ. ಹಿಂದಿನವರು ಬೋರಿನ ನೀರು ತುಂಬಿದ್ದರು. ನಮ್ಮ ಕಡೆ ಬೋರಿನ ನೀರು ಗಡಸು. ಹಂಡೆಗೆ ಕಟ್ಟೋ ಸುಣ್ಣವೇ ರೇಡಿಯೇಟರಿನ ಕೊಳವೆಗೂ ಕಟ್ಟಿತ್ತು. ಎಂಜಿನ್ ಕಾಯುತ್ತದೆ ಅಂತ ಯಾರೋ ಮಿಸ್ತ್ರಿ ಥರ್ಮೋಸ್ಟಾಟನ್ನೇ ಕಿತ್ತೊಗೆದಿದ್ದ. ಅದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಒಳಗೆ ಬೇಗ ಸವೆಯುತ್ತದೆ. ಮಾಮಾ ಎಲ್ಲಾ ಬಿಚ್ಚಿ ತೊಳೆಸಿದರು, ಹೊಸ ಥರ್ಮೋಸ್ಟಾಟ್ ಕೂರಿಸಿದರು, ಕೂಲಂಟ್ ಹಾಕಿದರು.

ಇಲ್ಲಿ ಖಳನಾಯಕ ನಾನೇ!

ಈಗ ನನ್ನ ಪಾಪ ಹೇಳಿಕೊಳ್ಳಬೇಕು, ಮಿತ್ರರೇ.

ರಾಣೆಬೆನ್ನೂರಿನಲ್ಲಿ ನನ್ನ ಗೆಳೆಯನ ಮದುವೆ. ಮೆರವಣಿಗೆಗೆ ಕಾಂಟೆಸಾ ತರುತ್ತೇನೆ ಅಂತ ನಾನು ಮಾತು ಕೊಟ್ಟುಬಿಟ್ಟಿದ್ದೆ. ಮದುಮಗ ಹಿಂದೆ, ನಾನು ಕರಿ ಕನ್ನಡಕ ಹಾಕಿ ಸ್ಟಿಯರಿಂಗ್ ಹಿಂದೆ... ಹಾಂ! ಕನಸೋ ಕನಸು. ಆದರೆ ಕಾರಿನ ಬಣ್ಣ ಚಕ್ಕೆ ಚಕ್ಕೆಯಾಗಿತ್ತು. ಅದೇ ವೇಳೆಗೆ ಹಾವೇರಿಯ ಮಿಸ್ತ್ರಿ ಚಾಚಾ ಹೇಳಿದರು: "ಬ್ರೇಕ್ ಪೆಡಲ್ ಮೆಲ್ಲಕ ಕೆಳಗ ಇಳಿಯಾಕತ್ತೈತ್ರಿ. ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗೇತಿ. ಮೊದಲ ಅದನ್ನ ಮಾಡಿಸ್ರಿ."

ಕೈಯಲ್ಲಿದ್ದ ದುಡ್ಡು ಒಂದಕ್ಕೆ ಮಾತ್ರ. ಬ್ರೇಕೋ, ಬಣ್ಣವೋ?

"ಮಾಮಾ, ಬ್ರೇಕ್ ಕಣ್ಣಿಗಿ ಕಾಣತೈತೇನು? ಮದುವಿ ಆದ ಮ್ಯಾಲ ಮಾಡಿಸೋಣು" ಅಂದೆ. ಪತ್ರಿಕೆಯಿಂದ ಬಂದ ನನ್ನ ದುಡ್ಡನ್ನೂ ಸೇರಿಸಿದೆ. ಮಾಮಾ ಎರಡು ದಿನ ಸುಮ್ಮನಿದ್ದರು. ಕಾರು ಫಳಫಳ ಹೊಳೆಯೋದನ್ನು ನೋಡೋ ಆಸೆ ಅವರಿಗೂ ಇತ್ತಲ್ಲ! ಕೊನೆಗೆ "ಆತು" ಅಂದರು.

ಬಣ್ಣವಾಯಿತು. ಕನ್ನಡಿ! ಹಾವೇರಿಯಿಂದ ತರುವಾಗ ಸ್ಟಿಯರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ಮಾಮಾ. ಕರ್ಜಗಿ ಇನ್ನೇನು ಬಂತು ಅನ್ನುವಾಗ ತಿರುವಿನಲ್ಲಿ ಕುರಿ ಹಿಂಡು. ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು! ಮತ್ತೆ ಒತ್ತಿದೆ, ಏನೂ ಇಲ್ಲ. ಮಾಮಾ ಹ್ಯಾಂಡ್ ಬ್ರೇಕ್ ಎಳೆದರು. ನಾನು ಸ್ಟಿಯರಿಂಗ್ ತಿರುಗಿಸಿದೆ. ಗಾಡಿ ರಸ್ತೆ ಬಿಟ್ಟು ಗೋವಿನಜೋಳದ ಹೊಲಕ್ಕೆ ನುಗ್ಗಿ, ಬದುವಿನ ಕಲ್ಲಿಗೆ ಗುದ್ದಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಕುರಿ ಹಿಂದಿದ್ದ ಎಂಟು-ಒಂಬತ್ತು ವರ್ಷದ ಒಬ್ಬ ಹುಡುಗ ನನ್ನ ಬಂಪರಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದ. ಅಳಲೂ ಇಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದ. ಅವನ ಅಜ್ಜ ಕಂಬಳಿ ಹೆಗಲಿಗೇರಿಸಿ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಆತ ಬಾನೆಟ್ಟಿನ ಮೇಲೆ ಕೈಯಾಡಿಸಿ ಅಂದದ್ದು ಇಷ್ಟೇ:

"ಬಣ್ಣ ಚೊಲೋ ಐತಿ ತಮ್ಮಾ. ನಿಲ್ಲಾಕ ಬರೂದಿಲ್ಲೇನು ಇದಕ್ಕ?"

ಸ್ವಾಮಿ, ಪಿ.ಯು.ಸಿ. ಬಿಟ್ಟ ದಿನ ಅಪ್ಪ ಹೊಡೆದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಆನಗೋಡಿನ ನೆನಪು

ಆ ರಾತ್ರಿ ಮಾಮಾ ಊಟ ಮಾಡಲಿಲ್ಲ. ಅವರು ಶಂಕರ್ ನಾಗ್ ಅಭಿಮಾನಿ. 1980ರಲ್ಲಿ ಬಂದ 'ಮಿಂಚಿನ ಓಟ' ನೋಡಿಯೇ ಅವರಿಗೆ ಕಾರಿನ ಹುಚ್ಚು ಹತ್ತಿದ್ದು. ಕಾರು ಕದಿಯುವವರ ಆ ಕಥೆಯನ್ನು ಶಂಕರ್ ನಾಗ್ ಅವರೇ ನಿರ್ದೇಶಿಸಿದ್ದರು. ಅದೇ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ವಯಸ್ಸು ಬರೀ 35. ರಾಣೆಬೆನ್ನೂರು, ಹಾವೇರಿ ದಾಟಿ ಹೋಗೋದೂ ಅದೇ ಹೆದ್ದಾರಿಯೇ.

"ಅಳಿಯಾ, ಆ ಸುದ್ದಿ ಬಂದ ದಿನ ನಾ ಗಿರಣಿ ಬಂದ್ ಮಾಡಿದ್ದೆ" ಅಂದರು ಮಾಮಾ. "ಇವತ್ತು ಆ ಹುಡುಗಗ ಏನರ ಆಗಿದ್ರ ಕಾಯಮ್ ಬಂದ್ ಮಾಡಬೇಕಾಗತಿತ್ತು."

ಮರುದಿನ ಕಾರು ಸಿಮೆಂಟ್ ಇಟ್ಟಿಗೆಯ ಮೇಲೆ ಏರಿತು. ಮದುವೆಗೆ ಹೋಗಲಿಲ್ಲ. ಗೆಳೆಯ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡೋದಿಲ್ಲ. ನಾಲ್ಕು ತಿಂಗಳು ಬರೀ ಬ್ರೇಕಿನ ಕೆಲಸ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್ ಪೈಪು, ಎಲ್ಲಾ ಹೊಸದು. ಆಗ ಚಾಚಾ ನನಗೆ ಕಲಿಸಿದ ಪಾಠ ಇದು: ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತೇವದಿಂದ ಒಳಗೆ ತುಕ್ಕು. ತುಕ್ಕು ರಬ್ಬರನ್ನು ಕೊರೆಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದರೆ ಆ ನೀರು ಕುದ್ದು ಆವಿಯಾಗುತ್ತದೆ. ಆಗ ನೀವು ಒತ್ತೋದು ಬ್ರೇಕನ್ನಲ್ಲ, ಬರೀ ಗುಳ್ಳೆಯನ್ನು! ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು.

ಅಗ್ಗದ ಆನೆ

ಇದನ್ನು ಓದಿ "ನಾನೂ ಒಂದು ಹಳೇ ದೊಡ್ಡ ಕಾರು ಹಿಡೀತೀನಿ" ಅನ್ನೋ ವೀರರು ನಮ್ಮಲ್ಲಿ ಬಹಳ. ಅವರಿಗೆ ಎರಡು ಮಾತು. ದೊಡ್ಡ ಕಾರು ಹಳತಾದಂತೆ ಬೆಲೆ ಇಳಿಯೋದು ಕಾರಿನದು, ಅದರ ಸಾಮಾನಿನದಲ್ಲ. ಲಕ್ಷಗಟ್ಟಲೆ ಬೆಲೆಯ ವಿದೇಶಿ ಕಾರು ಅಗ್ಗಕ್ಕೆ ಸಿಕ್ಕೀತು. ಆದರೆ ಅದರ ಗೇರ್‌ಬಾಕ್ಸು ಹೋದರೆ ಕೊಂಡ ಬೆಲೆಯೇ ಸಾಲದು. ಆನೆ ಪುಕ್ಕಟೆ ಸಿಕ್ಕರೂ ಮೇವು ಪುಕ್ಕಟೆ ಸಿಗುತ್ತದೆಯೇ?

ಕೊಳ್ಳುವ ಮೊದಲು ಬಣ್ಣ ನೋಡಬೇಡಿ. ಕಾರ್ಪೆಟ್ ಎತ್ತಿ ನೆಲ ನೋಡಿ, ಬಾಗಿಲಿನ ಕೆಳಅಂಚು ತಟ್ಟಿ ನೋಡಿ. 'ಟಣ್' ಅಂದರೆ ತಗಡು, 'ಡಬ್' ಅಂದರೆ ಪುಟ್ಟಿ. ಕೊಂಡ ಮೇಲೆ ಶೆಡ್ಡಿನಲ್ಲಿ ದೇವರ ಹಾಗೆ ಕೂರಿಸಬೇಡಿ. ವಾರಕ್ಕೊಮ್ಮೆ ಓಡಿಸಿ. ನಿಂತ ಕಾರಿನ ಬ್ರೇಕ್ ಹಿಡಿಯುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಕಬ್ಬಿನಿಂದ, ಗೋವಿನಜೋಳದಿಂದ ತೆಗೆದದ್ದು. ನಮ್ಮ ರೈತರಿಗೆ ಒಳ್ಳೇದೇ, ಆದರೆ ಹಳೇ ಕಾರಿನ ರಬ್ಬರ್ ಪೈಪಿಗೆ ಅದು ಆಗಿಬರೋದಿಲ್ಲ. ಅದಕ್ಕೆ ತಡೆಯುವ ಪೈಪು ಸಿಗುತ್ತದೆ, ಮೊದಲು ಅದನ್ನು ಹಾಕಿಸಿ. ಪೆಟ್ರೋಲ್ ಸೋರಿದರೆ ಬೆಂಕಿಗೆ ದಾರಿ.

ಅರಸರ ಕಾಲಕ್ಕೆ ಇದೆಲ್ಲಾ ಚಿಂತೆ ಇರಲಿಲ್ಲ. ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್ ಕೊಂಡರೆ ಒಮ್ಮೆಗೆ ಏಳೇಳು ಕೊಳ್ಳುತ್ತಿದ್ದರು ಅಂತ ಕಥೆಯೇ ಇದೆ! ಹಳೇ ಕಾರುಗಳ ವೈಭವ ಕಣ್ತುಂಬ ನೋಡಬೇಕೆಂದರೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರುಗಳ ಸಂಗ್ರಹ ನೋಡಿ ಬನ್ನಿ. ಶ್ರೀರಂಗಪಟ್ಟಣದ ಕಡೆ ಹೋದರೆ 'ಪಯಣ' ಸಂಗ್ರಹಾಲಯವಿದೆ. ಅಲ್ಲಿ ಕಾರುಗಳಿಗೆ ಕಾವಲಿದೆ, ಆರೈಕೆಯಿದೆ. ನಮ್ಮ ಕಾಂಟೆಸಾಕ್ಕೆ ಇರೋದು ಮಾಮಾ ಮಾತ್ರ.

ಅತ್ತಿ ಹಾಕಿದ ಗೆರೆ

ಸರ್ಕಾರದ ಲೆಕ್ಕದಲ್ಲಿ 50 ವರ್ಷ ದಾಟಿದರೆ ಮಾತ್ರ 'ವಿಂಟೇಜ್' ಗೌರವ. ನಮ್ಮದು ಅದಕ್ಕೆ 2041ರ ತನಕ ಕಾಯಬೇಕು. ಅಲ್ಲಿಯವರೆಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಒಂದು ಕಾಲಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ನಮ್ಮ ಕಾರಿನ ಸರದಿ 2026ರದು.

ಸುದ್ದಿ ಕೇಳಿ ಅತ್ತಿ ಸಿಡಿದರು. "ಅಲ್ರಿ, ಹತ್ತು ಸಾವಿರಕ್ಕ ಒಂದು ಎಮ್ಮಿ ಕರಾ ಬರತೈತಿ. ಅದು ಹಾಲರ ಕೊಡತೈತಿ. ಇದೇನು ಕೊಡತೈತಿ?" ಗುಜರಿಯವನೂ ಬಂದು ತೂಕದ ಲೆಕ್ಕ ಹೇಳಿ ಹೋಗಿದ್ದ. ಮಾಮಾ ಉತ್ತರ ಕೊಡಲಿಲ್ಲ. ಸುಮ್ಮನೆ ಬಟ್ಟೆ ತಗೊಂಡು ಗಾಜು ಒರೆಸಲು ಹೋದರು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಅತ್ತಿ ರಂಗೋಲಿ ಡಬ್ಬಿ ಹಿಡಿದು ಶೆಡ್ಡಿನ ಮುಂದೆ ಬಂದರು. ಅಂಗಳದಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಎಳೆದರು. "ಬಣ್ಣಾ ಗಿಣ್ಣಾ ನನಗ ಗೊತ್ತಿಲ್ಲ. ಗಾಡಿ ಇಲ್ಲಿ ನಿಂತ್ರ ರೊಕ್ಕಾ ಕಟ್ಟೋಣು. ದಾಟಿತೋ, ಗುಜರಿಗಿ."

ಮಾಮಾ ಕೂತರು. ಓಣಿಯ ಆ ತುದಿಯಿಂದ ಗಾಡಿ ಬಂತು. ಹುಡುಗರು ಕೂಗೋದನ್ನು ಮರೆತರು. ನನ್ನ ಎದೆ ಡವಡವ. ಬ್ರೇಕ್!

ಮುಂದಿನ ಚಕ್ರ ರಂಗೋಲಿಗೆ ನಾಲ್ಕು ಬೆರಳು ಹಿಂದೆ ನಿಂತಿತು.

ಅತ್ತಿ ಬಗ್ಗಿ ನೋಡಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಕೂತರು. "ಸಂತಿಗಿ ನಡೀರಿ" ಅಂದರು.

ಬದುವಿನ ಕಲ್ಲಿಗೆ ಗುದ್ದಿದ ಗುರುತು ಬಂಪರಿನ ಮೇಲೆ ಇನ್ನೂ ಹಾಗೇ ಇದೆ. ಮಾಮಾ ಅದನ್ನು ರಿಪೇರಿ ಮಾಡಿಸಿಲ್ಲ, ಮಾಡಿಸೋದೂ ಇಲ್ಲವಂತೆ. ಪ್ರತಿಸಲ ಹೊರಡುವ ಮೊದಲು ಅಂಗಳದಲ್ಲಿ ಗೆರೆ ಎಳೆಯುತ್ತಾರೆ, ಅತ್ತಿ ಬಂದು ನೋಡುತ್ತಾರೆ, ಆಮೇಲೇ ಪ್ರಯಾಣ.

ಓಡೋದು ಯಾವ ಕಾರಿಗೂ ಬರುತ್ತೆ, ಗೆಳೆಯರೇ. ನಿಲ್ಲೋದನ್ನು ಕಲಿಸಿದವನೇ ಹೀರೋ!