ನಿಂತಷ್ಟೂ ಬಿಗಿಯುವ ಘರ್ಷಣೆ

ಒಂದರ ಮೇಲೊಂದು ಜಾರುವ ಎರಡು ಮೈಗಳ ನಡುವಿನ ಘರ್ಷಣೆಯು ಅವುಗಳನ್ನು ಒತ್ತುವ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ, ತಗಲಿರುವ ವಿಸ್ತೀರ್ಣಕ್ಕೆ ತಕ್ಕಂತೆ ಅಲ್ಲ ಎಂದು ಫ್ರಾನ್ಸಿನ ಗೀಯೋಮ್ ಅಮೋಂಟೋನ್ 1699ರಲ್ಲಿ ಮಂಡಿಸಿದ ನಿಯಮವನ್ನೇ ಶಾಲೆಯ ಪಠ್ಯಗಳು ಇಂದಿಗೂ ಕಲಿಸುತ್ತವೆ. ಘರ್ಷಣಾ ಬಲವನ್ನು ಒತ್ತುವ ಬಲದಿಂದ ಭಾಗಿಸಿದಾಗ ದೊರೆಯುವ ಘರ್ಷಣಾ ಗುಣಾಂಕವು ಎಂದೂ ಬದಲಾಗದ ಸಂಖ್ಯೆಯೆಂಬಂತೆ ಅವುಗಳ ಕೋಷ್ಟಕಗಳಲ್ಲಿ ಅಚ್ಚಾಗಿರುತ್ತದೆ. ಆ ಕೋಷ್ಟಕಗಳಲ್ಲಿ ಕಾಲಕ್ಕೆ ಜಾಗವಿಲ್ಲ.

ಈ ಕೊರತೆ ಹೊಸದಾಗಿ ಕಂಡುಬಂದದ್ದೇನಲ್ಲ. ರೋಷ್‌ಫೋರ್ ನೌಕಾನೆಲೆಯಲ್ಲಿ ಪ್ರಯೋಗ ನಡೆಸಿ, 1781ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದ ಕೂಲಂಬ್, ಓಕ್ ಮರದ ಹಲಗೆಯೊಂದು ಇನ್ನೊಂದರ ಮೇಲೆ ಹೆಚ್ಚು ಹೊತ್ತು ನಿಂತಷ್ಟೂ ಅದನ್ನು ಕದಲಿಸಲು ಹೆಚ್ಚು ಬಲ ಬೇಕಾಗುವುದನ್ನು ಅಳೆದು ತೋರಿಸಿದ್ದ. ಕಾರಣ ಸ್ಪಷ್ಟವಾದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ, ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಅವರಿಂದ. ಎಷ್ಟೇ ನುಣುಪಾಗಿ ಕಂಡರೂ ಎರಡು ಮೈಗಳು ನಿಜವಾಗಿ ತಾಗುವುದು ಸೂಕ್ಷ್ಮ ಉಬ್ಬುಗಳ ತುದಿಗಳಲ್ಲಿ ಮಾತ್ರ. ಇಡೀ ಭಾರವನ್ನು ಹೊತ್ತ ಆ ತುದಿಗಳು ನಿಧಾನವಾಗಿ ತಗ್ಗಿ ಅಗಲವಾಗುವುದರಿಂದ ನಿಜವಾದ ಸಂಪರ್ಕ ಹೊತ್ತು ಕಳೆದಂತೆ ಹಿಗ್ಗುತ್ತದೆ.

ಬಂಡೆಗಳಲ್ಲಿ ಈ ಬೆಳವಣಿಗೆ ಲಾಗರಿತಮ್ ಗತಿಯಲ್ಲಿ ಸಾಗುತ್ತದೆಂದು ಅಮೆರಿಕದ ಜೇಮ್ಸ್ ಡೀಟರಿಕ್ 1972ರಲ್ಲಿ ತೋರಿಸಿದರು. ಅಂದರೆ ಒಂದು ಸೆಕೆಂಡಿನಿಂದ ಹತ್ತು ಸೆಕೆಂಡಿಗೆ ಎಷ್ಟು ಬಿಗಿ ಕೂಡುತ್ತದೆಯೋ, ಹತ್ತರಿಂದ ನೂರಕ್ಕೂ ಅಷ್ಟೇ ಕೂಡುತ್ತದೆ. ಗುಣಾಂಕದಲ್ಲಿ ಅದು ಸುಮಾರು 0.01ರಷ್ಟು ಅಲ್ಪವಾದರೂ ಶತಮಾನಗಳ ಕಾಲ ಅಲುಗದೆ ನಿಂತ ಶಿಲೆಗಳಲ್ಲಿ ಕಡೆಗಣಿಸುವಂಥದ್ದಲ್ಲ. ಜಾರಲು ತೊಡಗಿದೊಡನೆ ಹಳೆಯ ಸಂಪರ್ಕಗಳು ಕಡಿದು, ಬಲಿಯಲು ಸಮಯವಿಲ್ಲದ ಹೊಸವು ಆ ಜಾಗಕ್ಕೆ ಬರುವುದರಿಂದ ಘರ್ಷಣೆ ಥಟ್ಟನೆ ಕುಸಿಯುತ್ತದೆ. ಹೀಗೆ ಕಚ್ಚಿ ನಿಲ್ಲುತ್ತ, ಒಮ್ಮೆಲೇ ಜಾರುತ್ತ ಸಾಗುವ ಚಲನೆಯೇ ಭೂಕಂಪದ ಮೂಲವಿರಬಹುದೆಂದು ಬ್ರೇಸ್ ಮತ್ತು ಬೈಯರ್ಲಿ 1966ರಲ್ಲೇ ಸೂಚಿಸಿದ್ದರು.

ಆದರೆ ಕಾರಣ ತಿಳಿದ ಮಾತ್ರಕ್ಕೆ ದಿನಾಂಕ ತಿಳಿಯುವುದಿಲ್ಲ. ಭೂಪದರಗಳು ಬಿರಿದು ಒಂದನ್ನೊಂದು ಉಜ್ಜುವ ಸೀಳಿಗೆ ಸ್ತರಭಂಗವೆನ್ನುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲಿರುವ ಪಾರ್ಕ್‌ಫೀಲ್ಡ್‌ನಲ್ಲಿ 1857ರಿಂದ 1966ರವರೆಗೆ ಸರಾಸರಿ 22 ವರ್ಷಕ್ಕೊಮ್ಮೆ ನೆಲ ನಡುಗಿತ್ತು. ಮುಂದಿನದು 1993ರೊಳಗೆ ಬರುವುದೆಂದು ನಂಬಿದ ವಿಜ್ಞಾನಿಗಳು ಅಲ್ಲಿ ಉಪಕರಣಗಳ ಜಾಲವನ್ನೇ ಹರಡಿ ಕಾದರು. 6.0 ಪರಿಮಾಣದ ಆ ಕಂಪನ ಬಂದದ್ದು 2004ರ ಸೆಪ್ಟೆಂಬರ್ 28ರಂದು.